ಎಸ್ನಾರ್ಟಳ ನಾಲ್ಕು ಅಕ್ಷರ

ಎಸ್ನಾರ್ಟಳ ಬದುಕಿನ ಕಥೆ ಹೇಳಬೇಕಾದರೆ ಆ ಕರಿಹಲಗೆಯಿಂದಲೇ ಶುರು ಮಾಡಬೇಕು. ಅವಳು ಹುಟ್ಟಿದ ಊರು, ಅವಳಪ್ಪನ ದನಗಳು, ಅವಳಮ್ಮ ಮುಸುಕಿನ ಜೋಳದಿಂದ ಮಾಡುತ್ತಿದ್ದ ಹುಳಿ ಪಾನಕ, ಅದನ್ನು ಕುಡಿಯುವುದಕ್ಕೆ ಮೂರು ಊರಿನವರು ನೆಪ ಹುಡುಕಿಕೊಂಡು ಬರುತ್ತಿದ್ದದ್ದು, ಇದನ್ನೆಲ್ಲ ಹೇಳಬಹುದು. ಆದರೆ ಅವೆಲ್ಲ ಎಷ್ಟೋ ಹೆಂಗಸರಿಗೆ ಇದ್ದವು. ಹಲಗೆ ಇದ್ದದ್ದು ಅವಳೊಬ್ಬಳಿಗೆ.

ಜಾಂಬಿಯಾದ ದಕ್ಷಿಣದ ಹಳಿಯ ಮೇಲೆ ಮಬುಯು ಅನ್ನುವುದು ಒಂದು ಪುಟ್ಟ ಸ್ಟೇಷನ್ನು. ಒಂದು ತಗಡಿನ ಮಾಡು, ಒಂದು ನೀರಿನ ತೊಟ್ಟಿ, ಆನೆಹೊಟ್ಟೆಯ ಬವೋಬಾಬ್ ಮರ ಒಂದು. ಹಳಿಯ ಆಚೆಗೆ ಶಾಲೆ, ಈಚೆಗೆ ಊರು. ಎಸ್ನಾರ್ಟ್ ಅಲ್ಲಿಗೆ ಕಸ ಗುಡಿಸುವ ಕೆಲಸಕ್ಕೆ ಸೇರಿದಾಗ ಅವಳಿಗೆ ಹತ್ತೊಂಬತ್ತು ವರ್ಷ, ಬೆನ್ನ ಮೇಲೆ ಆರು ತಿಂಗಳ ಮಗು. ಮಗುವಿನ ಹೆಸರು ಚೋಲ್ವೆ, ಅಂದರೆ ಅದೃಷ್ಟ. ಟೋಂಗಾ ಜನದಲ್ಲಿ ಮಗು ಹುಟ್ಟಿದ ಮೇಲೆ ತಾಯಿಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅಂದಿನಿಂದ ಅವಳು ಬಿನಾ ಚೋಲ್ವೆ, ಚೋಲ್ವೆಯ ತಾಯಿ. ಊರಿಗೆಲ್ಲ ಅದೇ ಹೆಸರು, ಸಂಬಳದ ಪುಸ್ತಕದಲ್ಲಿ ಮಾತ್ರ ಎಸ್ನಾರ್ಟ್.

ಸ್ಟೇಷನ್ ಮಾಸ್ತರ ಹಮುಡುಲು ಒಳ್ಳೆಯ ಮನುಷ್ಯ, ಆದರೆ ಭುಜ ಹಿಡಿದುಕೊಂಡಿತ್ತು. ಹುಡುಗನಾಗಿದ್ದಾಗ ಎತ್ತು ಗುದ್ದಿದ ಭುಜ ಅದು. ಕೈ ತಲೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ, ಟೋಪಿ ಹಾಕಿಕೊಳ್ಳುವುದಕ್ಕೂ ತಲೆಯನ್ನೇ ಬಗ್ಗಿಸಿ ಟೋಪಿಯ ಹತ್ತಿರ ತರುತ್ತಿದ್ದ. ಹಲಗೆಯೋ ಗೋಡೆಯ ಮೇಲೆ ಎತ್ತರದಲ್ಲಿತ್ತು. ಅದರಲ್ಲಿ ಮೂರು ಭಾಗ. ಎಡಕ್ಕೆ ರೈಲಿನ ನಂಬರು, ನಡುವೆ ಅದು ಬರಬೇಕಾದ ಹೊತ್ತು, ಎರಡೂ ಬಣ್ಣದಲ್ಲಿ ಬರೆದದ್ದು. ಬಲಕ್ಕೆ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಸೀಮೆಸುಣ್ಣದಿಂದ ದಿನಾ ಬರೆಯುತ್ತಿದ್ದದ್ದು ಇಂಗ್ಲಿಷಿನ ಒಂದೇ ಮಾತು, ಲೇಟ್. ಹಾಗಾಗಿ ಮಾಸ್ತರ ಎಸ್ನಾರ್ಟಳಿಗೆ ಅದೊಂದು ಮಾತನ್ನು ಬರೆಯುವುದಕ್ಕೆ ಕಲಿಸಿದ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಕ್ಷರಗಳನ್ನು ಅವಳು ಅಕ್ಷರಗಳೆಂದು ಕಲಿಯಲಿಲ್ಲ. ಮೊದಲನೆಯದು ಕಾಲು ಚಾಚಿ ನೆಲದ ಮೇಲೆ ಕೂತ ಹೆಂಗಸು. ಎರಡನೆಯದು ನಡುವೆ ಅಡ್ಡತೊಲೆ ಹಾಕಿದ ಗುಡಿಸಲು. ಮೂರನೆಯದು ತಂತಿಯ ಕಂಬ. ನಾಲ್ಕನೆಯದು ಮೂರು ಹಲ್ಲು ಉಳಿದ ಬಾಚಣಿಗೆ. ಹೆಂಗಸು, ಗುಡಿಸಲು, ಕಂಬ, ಬಾಚಣಿಗೆ. ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬರೆಯುತ್ತಿದ್ದಳು. ಬರೆದು ಎರಡು ಹೆಜ್ಜೆ ಹಿಂದೆ ಸರಿದು, ರೊಟ್ಟಿ ಉಬ್ಬಿತೋ ಇಲ್ಲವೋ ನೋಡುವವಳ ಹಾಗೆ ನೋಡುತ್ತಿದ್ದಳು. ಅವಳಿಗೆ ಬರುತ್ತಿದ್ದ ಇಂಗ್ಲಿಷು ಅಷ್ಟೇ, ಅವಳಿಗೆ ಬರುತ್ತಿದ್ದ ಓದೂ ಅಷ್ಟೇ. ಅದರ ಬಗ್ಗೆ ಅವಳಿಗೆ ಎಷ್ಟು ಹೆಮ್ಮೆ ಎಂದರೆ ಮನೆಯ ಡಬ್ಬಗಳ ಮೇಲೂ ಬರೆದಿಟ್ಟಿದ್ದಳು. ಹಿಟ್ಟಿನ ಡಬ್ಬದ ಮೇಲೆ ಲೇಟ್, ಉಪ್ಪಿನ ಡಬ್ಬದ ಮೇಲೆ ಲೇಟ್. ಅವಳ ಗಂಡ ಜೈರಸ್ ಉತ್ತರದ ತಾಮ್ರದ ಗಣಿಯಿಂದ ರಜಕ್ಕೆ ಬಂದಾಗ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಜೈರಸ್ ನಗುವ ಮನುಷ್ಯ. ತನ್ನ ತಗಡಿನ ಪೆಟ್ಟಿಗೆಯ ಮೇಲೆ ತನ್ನ ಹೆಸರನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದ, ರೈಲಿನಲ್ಲಿ ಯಾರೂ ಕದಿಯಬಾರದೆಂದು. ಆ ಹೆಸರಿನ ಆಕಾರವೂ ಎಸ್ನಾರ್ಟಳ ಕಣ್ಣಿಗೆ ಪರಿಚಯವಾಗಿತ್ತು. ಓದಲು ಬರುತ್ತಿರಲಿಲ್ಲ, ಗುರುತು ಹತ್ತುತ್ತಿತ್ತು. ನೆರೆಮನೆಯವರ ನಾಯಿಯ ಗುರುತು ಹತ್ತುವ ಹಾಗೆ.

ಚೋಲ್ವೆಗೆ ನಾಲ್ಕು ವರ್ಷವಾಗಿದ್ದಾಗ ಒಂದು ತಂತಿ ಬಂತು. ಆ ವಾರ ಹಮುಡುಲು ತನ್ನ ಅಣ್ಣನ ಮಗಳ ಮದುವೆಗೆ ಹೋಗಿದ್ದ. ಬದಲಿಗೆ ಬಂದಿದ್ದ ಗುಮಾಸ್ತ ದೂರದ ಊರಿನವನು, ಅವನಿಗೆ ಟೋಂಗಾ ಮಾತು ಬರದು. ಅವನು ತಂತಿಯ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ, ನೆಲ ನೋಡುತ್ತ. ಎಸ್ನಾರ್ಟ್ ಕಾಗದ ಬಿಡಿಸಿದಳು. ಪೆಟ್ಟಿಗೆಯ ಮೇಲಿನ ಹೆಸರು ಇತ್ತು. ಅದರ ಪಕ್ಕದಲ್ಲಿ, ಅಚ್ಚಿನ ಅಕ್ಷರದಲ್ಲಿ, ಅವಳದೇ ಹೆಂಗಸು, ಅವಳದೇ ಗುಡಿಸಲು, ಕಂಬ, ಬಾಚಣಿಗೆ. ಜೈರಸ್ ಲೇಟ್. ಬದುಕಿನಲ್ಲಿ ಮೊದಲ ಸಲ ಯಾರ ಸಹಾಯವೂ ಇಲ್ಲದೆ ಒಂದು ಕಾಗದ ಓದಿದ್ದಳು. ಅವಳು ನಕ್ಕಳು. ರೈಲಿನ ಜೊತೆ ಓಡಾಡಿ ಇವನೂ ರೈಲಿನ ಹಾಗೇ ಆದ ಅಂತ ಗುಮಾಸ್ತನಿಗೆ ಹೇಳಿದಳು. ಅವನಿಗೆ ಮಾತು ತಿಳಿಯಲಿಲ್ಲ, ನಗು ತಿಳಿಯಿತು. ಅವನು ಗೋಡೆಗೆ ಒತ್ತಿಕೊಂಡು ನಿಂತ.

ಮನೆಗೆ ಹೋಗಿ ಒಂದು ಕೋಳಿ ಕುಯ್ದಳು. ಬಿಳಿ ಜೋಳದ ಹಿಟ್ಟಿನ ಮುದ್ದೆ, ಅವರು ನ್ಸಿಮಾ ಅನ್ನುತ್ತಾರೆ, ಅದನ್ನು ತಿರುವಿ ಗಂಡನ ಪಾಲನ್ನು ತಟ್ಟೆಯಲ್ಲಿ ಮುಚ್ಚಿಟ್ಟಳು. ಬರಲಿಲ್ಲ. ಮರುದಿನ ಬಿಸಿ ಮಾಡಿ ಮುಚ್ಚಿಟ್ಟಳು. ಮೂರನೆಯ ದಿನ ಬೆಳಗಿನ ರೈಲಿನಲ್ಲಿ ಜೈರಸನ ಅಕ್ಕ ಜೆಲಿತಾ ಉತ್ತರದಿಂದ ಬಂದಿಳಿದಳು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, ದಾರಿಯುದ್ದಕ್ಕೂ ತಮ್ಮನ ಹೆಸರು ಕೂಗಿ ಅಳುತ್ತ. ಕೆಮ್ಮು ಎದೆಗಿಳಿದು ಮೂರೇ ದಿನಕ್ಕೆ ಹೋಗಿಬಿಟ್ಟಿದ್ದ, ಅಲ್ಲೇ ಮಣ್ಣು ಮಾಡಿದ್ದರು. ಜೆಲಿತಾ ಮನೆಯೊಳಗೆ ಬಂದಾಗ ಒಲೆ ಉರಿಯುತ್ತಿತ್ತು, ಮನೆ ತುಂಬ ಕೋಳಿಯ ಘಮ, ಎಸ್ನಾರ್ಟ್ ಕೈ ಒರೆಸಿಕೊಂಡು ನಗುನಗುತ್ತ ಎದ್ದು ಬಂದಳು.

ಮದುವೆಯ ಕಾಗದದಲ್ಲಿ ತೀರಿಹೋದ ತಾತನ ಹೆಸರಿನ ಹಿಂದೆ ಲೇಟ್ ಅಂತ ಹಾಕುತ್ತಾರಲ್ಲ, ಆ ಲೇಟು ಅದು. ಆ ದೇಶದಲ್ಲಿ ಅದನ್ನು ಮಾತಿನಲ್ಲೂ ಹಾಗೇ ಆಡುತ್ತಾರೆ. ಅಪ್ಪ ಹೇಗಿದ್ದಾರೆ ಅಂದರೆ, ಅಪ್ಪ ಲೇಟ್ ಅನ್ನುತ್ತಾರೆ, ಕೇಳಿದವರು ತಲೆ ತಗ್ಗಿಸುತ್ತಾರೆ. ಪಟ್ಟಣದವರಿಗೆಲ್ಲ ಗೊತ್ತಿದ್ದ ಮಾತು. ಮಬುಯುವಿನಲ್ಲಿ ಮಾತ್ರ ಲೇಟ್ ಅನ್ನುವುದು ರೈಲಿನ ಮಾತಾಗಿತ್ತು. ಮಾಸ್ತರ ಮದುವೆಯಿಂದ ಬಂದವನು ಅವಳೆದುರು ಕೂತು, ಇಂಗ್ಲಿಷಿನವರಿಗೆ ಸತ್ತ ಅನ್ನುವುದಕ್ಕೆ ನಾಲಿಗೆ ಏಳುವುದಿಲ್ಲ, ಅದಕ್ಕೆ ಹಾಗೆ ಸುತ್ತಿ ಹೇಳುತ್ತಾರೆ ಅಂತ ವಿವರಿಸಿದ. ಅವಳು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಬರೋದಕ್ಕೂ ಬರದೇ ಇರೋದಕ್ಕೂ ಒಂದೇ ಮಾತಾ ಮಾಸ್ತರೇ?"

ಮಾಸ್ತರ ತಲೆ ಬಗ್ಗಿಸಿ ಟೋಪಿ ಹಾಕಿಕೊಂಡು ಎದ್ದ.

ಗಂಡನ ಕಡೆಯವರು ಆ ಕೋಳಿಯನ್ನು ಮರೆಯಲಿಲ್ಲ. ಅವನು ಮಣ್ಣಿನ ಕೆಳಗಿದ್ದಾಗ ಇವಳು ತೊಡೆ ಚೀಪುತ್ತ ಕೂತಿದ್ದಳು ಅಂತ ಬಾವಿಯ ಹತ್ತಿರ ಮಾತಾಯಿತು. ಮೊದಲು ಅಳದಿದ್ದವಳು ಆಮೇಲೆ ಎಷ್ಟು ಅತ್ತರೂ ಅದು ಲೆಕ್ಕಕ್ಕೆ ಬರಲಿಲ್ಲ. ಮಾಟ ಮಾಡಿದ್ದಾಳೆ ಅನ್ನುವಷ್ಟು ದೂರ ಯಾರೂ ಹೋಗಲಿಲ್ಲ, ಆದರೆ ಅವಳು ಕೊಟ್ಟ ನೀರನ್ನು ಕುಡಿಯುವ ಮೊದಲು ಕೆಲವರು ಒಂದು ಕ್ಷಣ ತಡೆಯುತ್ತಿದ್ದರು. ಎಸ್ನಾರ್ಟ್ ಮನೆಗೆ ಹೋಗಿ ಡಬ್ಬಗಳ ಮೇಲಿನ ಅಕ್ಷರಗಳನ್ನೆಲ್ಲ ಬೂದಿ ಹಾಕಿ ತಿಕ್ಕಿದಳು. ಹಲಗೆಯ ಮೇಲೆ ಅದನ್ನು ಮತ್ತೆ ಬರೆಯುವುದಿಲ್ಲ ಅಂದಳು. ಮಾಸ್ತರ ಬಲವಂತ ಮಾಡಲಿಲ್ಲ. ರೈಲು ತಡವಾದರೆ ಅವಳು ಆ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಖಾಲಿ ಬಿಡುತ್ತಿದ್ದಳು. ಖಾಲಿ ಇದ್ದರೆ ತಡ ಅಂತ ಊರಿನವರು ಕಲಿತುಕೊಂಡರು. ಒಮ್ಮೆ ಮೇಲಿನ ಅಧಿಕಾರಿ ಬಂದು ಯಾಕೆ ಬರೆದಿಲ್ಲ ಅಂತ ಕೇಳಿದಾಗ ಮಾಸ್ತರ, ಸೀಮೆಸುಣ್ಣ ಬಂದಿಲ್ಲ ಸಾರ್, ಅದೂ ರೈಲಲ್ಲೇ ಬರಬೇಕು, ಅಂದನಂತೆ.

ಈ ತಂತಿಯ ಕಥೆಯನ್ನು ಅವಳು ಚೋಲ್ವೆಗೆ ಯಾವತ್ತೂ ಹೇಳಲಿಲ್ಲ. ಅಲ್ಲೇ ತಪ್ಪಾಯಿತು ಅಂದರೂ ಆಯಿತು.

ಚೋಲ್ವೆ ಚುರುಕು ಹುಡುಗಿ, ಅಪ್ಪನ ನಗು ಅವಳಿಗೆ ಬಂದಿತ್ತು. ಹಳಿಯ ಆಚೆಯ ಶಾಲೆಯಲ್ಲಿ ಓದಿ, ಇಪ್ಪತ್ತರಲ್ಲಿ ದಕ್ಷಿಣದ ತುದಿಯ ಪಟ್ಟಣಕ್ಕೆ ನರ್ಸಿಂಗ್ ಕಲಿಯಲು ಹೋದಳು. ಅವಳು ಹೋದ ಮೇಲೆ ಎಸ್ನಾರ್ಟಳಿಗೆ ಉಳಿದದ್ದು ಪೊರಕೆ, ಹಲಗೆ, ಮತ್ತು ತನ್ನ ಹೆಸರಿನಲ್ಲಿ ಸೇರಿಕೊಂಡ ಮಗಳ ಹೆಸರು.

ಎರಡು ವರ್ಷದ ಮೇಲೆ ಒಂದು ಅಕ್ಟೋಬರ್ ತಿಂಗಳು. ಆ ದೇಶದಲ್ಲಿ ಅಕ್ಟೋಬರ್ ಅಂದರೆ ಆಕಾಶ ಬಾಣಲೆ ಕವುಚಿದ ಹಾಗೆ. ಮಳೆಗೆ ಇನ್ನೂ ಹದಿನೈದು ದಿನ ಇರುತ್ತದೆ, ಗುಡುಗು ಮಾತ್ರ ಎಲ್ಲೋ ಒಣಗಿಕೊಂಡೇ ಉರುಳುತ್ತಿರುತ್ತದೆ. ಬೆಳಗ್ಗೆ ಎಂಟರ ಹೊತ್ತಿಗೆ ಮಾಸ್ತರನ ಕೋಣೆಯ ಫೋನು ಹೊಡೆಯಿತು. ಆ ಫೋನಿನಲ್ಲಿ ದೂರದ ಮಾತು ನೇರವಾಗಿ ಬರುತ್ತಿರಲಿಲ್ಲ. ಒಂದು ಸ್ಟೇಷನ್ನಿನವನು ಪಕ್ಕದ ಸ್ಟೇಷನ್ನಿಗೆ, ಅವನು ಮುಂದಿನವನಿಗೆ, ಹೀಗೆ ಕೈಯಿಂದ ಕೈಗೆ ನೀರಿನ ಕೊಡ ದಾಟಿಸಿದ ಹಾಗೆ ದಾಟಿಸಬೇಕು. ದಾಟಿಸುವಾಗ ಚೆಲ್ಲುವುದೂ ಉಂಟು. ಮಾಸ್ತರ ಕಿವಿಗೆ ಒತ್ತಿಕೊಂಡು ಕೇಳಿದ. ಬಿನಾ ಚೋಲ್ವೆಗೆ ತಿಳಿಸಿ, ಚೋಲ್ವೆ ಲೇಟ್, ಅನ್ನುವಷ್ಟು ಬಂತು. ಆಮೇಲೆ ಗರಗರ ಅಂದು ಫೋನು ಸತ್ತಿತು. ಅರ್ಧ ಗಂಟೆ ಹಿಡಿಕೆ ತಿರುಗಿಸಿದರೂ ಜೀವ ಬರಲಿಲ್ಲ. ಎಲ್ಲೋ ಕಳ್ಳರು ತಾಮ್ರದ ತಂತಿ ಕತ್ತರಿಸಿಕೊಂಡು ಹೋಗಿದ್ದರು.

ಮಾಸ್ತರ ಟೋಪಿ ಕೈಯಲ್ಲಿ ಹಿಡಿದು ಹೊರಗೆ ಬಂದ. ಎಸ್ನಾರ್ಟ್ ಪ್ಲಾಟ್‌ಫಾರಂ ಗುಡಿಸುತ್ತಿದ್ದಳು. ಟೋಂಗಾದಲ್ಲಿ ಹೇಳಬೇಕಾದರೆ ಅವನು ಒಂದು ಅರ್ಥವನ್ನು ಆರಿಸಲೇಬೇಕಿತ್ತು. ತಡವಾಗಿದ್ದಾಳೆ ಅನ್ನಬೇಕು, ಇಲ್ಲವೇ ಹೋಗಿಬಿಟ್ಟಳು ಅನ್ನಬೇಕು. ಆರಿಸುವ ಧೈರ್ಯ ಅವನಿಗೆ ಇರಲಿಲ್ಲ.

"ಬಿನಾ ಚೋಲ್ವೆ, ಒಂದು ಸುದ್ದಿ ಬಂದಿದೆ."

"ಹೇಳಿ ಮಾಸ್ತರೇ."

"ಚೋಲ್ವೆ ಲೇಟ್ ಅಂತೆ."

ಅವಳು ಪೊರಕೆಯನ್ನು ಎದೆಗೆ ಹಿಡಿದುಕೊಂಡಳು. "ಯಾವ ಲೇಟ್?"

"ಅಷ್ಟೇ ಅಂದ್ರು."

ಅವಳು ಹಲಗೆ ನೋಡಿದಳು. ದಕ್ಷಿಣದ ರೈಲು ಹತ್ತಕ್ಕೆ ಬರಬೇಕು. ಚೋಲ್ವೆಯ ರಜಕ್ಕೆ ಇನ್ನೂ ಆರು ವಾರ ಇತ್ತು, ಈ ರೈಲಿನಲ್ಲಿ ಅವಳು ಬರುವ ಮಾತೇ ಇರಲಿಲ್ಲ. ಬರಬೇಕಾಗಿಯೇ ಇಲ್ಲದವಳು ತಡವಾಗುವುದು ಹೇಗೆ? ಮತ್ತೆ, ತಡವಾಯಿತು ಅಂತ ಯಾರಾದರೂ ಆರು ಸ್ಟೇಷನ್ ದಾಟಿಸಿ ಹೇಳಿ ಕಳಿಸುತ್ತಾರೆಯೇ? ಒಮ್ಮೆ ಆ ಮಾತಿನ ಒಳ್ಳೆಯ ಮುಖ ನೋಡಿ ನಕ್ಕಿದ್ದಳು. ಅದು ತಿರುಗಿ ನಿಂತು ಇನ್ನೊಂದು ಮುಖ ತೋರಿಸಿತ್ತು.

ಮಾಸ್ತರನಿಂದ ಹಳಿ ಬದಲಿಸುವ ಪಾಯಿಂಟ್ಸ್‌ಮನ್‌ಗೆ, ಅವನಿಂದ ಅವನ ಹೆಂಡತಿಗೆ, ಅಲ್ಲಿಂದ, ತಮ್ಮ ಹೋದ ಮೇಲೆ ಊರಲ್ಲೇ ನಿಂತು ಸ್ಟೇಷನ್ ಬಾಗಿಲಲ್ಲಿ ಹುರಿದ ಕಡಲೆಕಾಯಿ ಮಾರುತ್ತಿದ್ದ ಜೆಲಿತಾಗೆ ಸುದ್ದಿ ಮುಟ್ಟಲು ನೀರು ಕುದಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಜೆಲಿತಾ ಬುಟ್ಟಿ ಅಲ್ಲೇ ಬಿಟ್ಟು ಬಂದಳು. ಕೆಟ್ಟವಳಲ್ಲ ಅವಳು. ತಮ್ಮನ ಮಗಳನ್ನು ಎತ್ತಿ ಆಡಿಸಿದವಳು, ನರ್ಸಿಂಗ್ ಶಾಲೆಗೆ ಹೋಗುವಾಗ ತನ್ನ ಒಳ್ಳೆಯ ಕಂಬಳಿ ಕೊಟ್ಟವಳು. ಆದರೆ ಹದಿನೆಂಟು ವರ್ಷದಿಂದ ಆ ಕೋಳಿಯ ಘಮ ಅವಳ ಮೂಗಿನಲ್ಲಿ ಕೂತಿತ್ತು.

"ಮನೆಗೆ ನಡಿ. ಮಗಳಿಗಾದರೂ ಸರಿಯಾದ ಹೊತ್ತಿಗೆ ಅಳು."

"ಇನ್ನೂ ಗೊತ್ತಿಲ್ಲ ಅಕ್ಕ."

"ಆವತ್ತೂ ಗೊತ್ತಿಲ್ಲ ಅಂದೆ."

ಈಗ ಎಸ್ನಾರ್ಟಳ ಸಂಕಟ ನೋಡಿ. ಬದುಕಿರುವವರ ಹೆಸರು ಹಿಡಿದು ಸಾವಿನ ಅಳು ಅತ್ತರೆ ಅದು ಸಾವನ್ನು ಮನೆಗೆ ಕರೆದ ಹಾಗೆ ಅಂತ ಮಬುಯುವಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಆಟಕ್ಕೂ ಹಾಗೆ ಅಳಬಾರದು. ಅತ್ತು, ಮಗಳು ಬದುಕಿದ್ದರೆ, ತಾಯಿಯೇ ಕೈಯಾರೆ ಕೊಟ್ಟ ಹಾಗೆ. ಅಳದೆ, ಮಗಳು ಹೋಗಿದ್ದರೆ, ಗಂಡನಿಗೂ ಮಗಳಿಗೂ ಕಣ್ಣೀರು ಹಾಕದ ಹೆಂಗಸು ಆ ಊರಿನಲ್ಲಿ ಮತ್ತೆ ಯಾರ ಮುಖ ನೋಡುವ ಹಾಗಿಲ್ಲ. ಅವಳು ಎರಡನ್ನೂ ಮಾಡಲಿಲ್ಲ. ಗುಡಿಸಿದ ಪ್ಲಾಟ್‌ಫಾರಮನ್ನೇ ಈ ತುದಿಯಿಂದ ಮತ್ತೆ ಗುಡಿಸತೊಡಗಿದಳು.

ಹತ್ತಾಯಿತು. ರೈಲು ಬರಲಿಲ್ಲ. ಹಲಗೆಯ ಬಲಭಾಗ ಖಾಲಿ ಇತ್ತು, ಅದನ್ನು ಯಾರೂ ನೋಡಲಿಲ್ಲ. ಹೆಂಗಸರು ಸೊಂಟಕ್ಕೆ ಇನ್ನೊಂದು ಬಟ್ಟೆ ಬಿಗಿದುಕೊಂಡು ಅವಳ ಮನೆಯ ಕಡೆ ಹೋಗುತ್ತಿದ್ದದ್ದು ಪ್ಲಾಟ್‌ಫಾರಮಿನಿಂದ ಕಾಣುತ್ತಿತ್ತು. ಸಾವಿನ ಮನೆಯಲ್ಲಿ ಮೊದಲು ಮಾಡುವ ಕೆಲಸ ಕುರ್ಚಿ ಮಂಚ ಹೊರಗೆ ಹಾಕುವುದು, ಬಂದವರು ನೆಲದ ಮೇಲೆ ಕೂರಬೇಕಲ್ಲ. ಅವಳ ಎರಡು ಕುರ್ಚಿ ಹೊರಗೆ ಬಂದವು. ಚೋಲ್ವೆ ಮಲಗುತ್ತಿದ್ದ ಮಂಚ ಕಾಲು ಮೇಲಾಗಿ ಬಂತು. ಗಂಡಸರು ಮಾವಿನ ಮರದ ಕೆಳಗೆ ಕೊರಡು ಎಳೆದು ತಂದು, ಆ ಬಿಸಿಲಿನಲ್ಲಿ, ಸೂತಕದ ಬೆಂಕಿ ಹಾಕಿದರು. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು.

ಆಗ ಬಂದವಳು ನಮೂಂಗ. ಎಪ್ಪತ್ತು ದಾಟಿದ ಮುದುಕಿ, ಊರಿನ ಸೂಲಗಿತ್ತಿ. ಅವಳ ಕುಲಕ್ಕೂ ಎಸ್ನಾರ್ಟಳ ಕುಲಕ್ಕೂ ಹಿಂದಿನಿಂದ ಬಂದ ತಮಾಷೆಯ ನಂಟು. ಸಾವಿನ ಮನೆಯಲ್ಲೂ ಅವರು ಇವರನ್ನು ಬಾಯಿಗೆ ಬಂದ ಹಾಗೆ ಆಡಿಕೊಳ್ಳಬಹುದು, ಇವರು ಸಿಟ್ಟು ಮಾಡುವ ಹಾಗಿಲ್ಲ. ನಮೂಂಗ ಪ್ಲಾಟ್‌ಫಾರಮಿನ ಅಂಚಿಗೆ ಕಾಲು ಇಳಿಬಿಟ್ಟು ಕೂತಳು.

"ನೋಡು, ನಿಮ್ಮ ಕುಲದವರಿಗೆ ಅಳೋದಕ್ಕೂ ರೈಲು ಬರಬೇಕು," ಅಂದಳು.

ಎಸ್ನಾರ್ಟ್ ಗುಡಿಸುತ್ತಲೇ ಇದ್ದಳು. ಮುದುಕಿ ನಶ್ಯದ ಡಬ್ಬಿ ತೆಗೆದು ಮುಂದೆ ಹಿಡಿದಳು. "ಬಾ, ಕೂತ್ಕೋ. ಆ ನೆಲ ನಿಂಗೇನು ಮಾಡಿತ್ತು, ಹಾಗೆ ಕೆರೀತೀಯ?"

"ಕೂತರೆ ಅತ್ತುಬಿಡ್ತೀನಿ, ಅಜ್ಜಿ."

"ಹಾಗಾದ್ರೆ ಕೂರಬೇಡ."

ಅಷ್ಟು ಹೇಳಿ ಮುದುಕಿ ಎದ್ದು ಇನ್ನೊಂದು ಪೊರಕೆ ತೆಗೆದುಕೊಂಡಳು. ಇಬ್ಬರೂ ಗುಡಿಸಿದರು. ಮಾಸ್ತರ ಕಿಟಕಿಯಿಂದ ನೋಡಿ ಮುಖ ಆಚೆ ತಿರುಗಿಸಿದ.

ನಡುಹಗಲು ಕಳೆದ ಮೇಲೆ ಜೆಲಿತಾಗೆ ತಡೆಯಲಾಗಲಿಲ್ಲ. ಮೊದಲು ಒಂದೇ ದನಿ ಕೇಳಿಸಿತು, ಬಾಗಿಲು ಕಿರುಗುಟ್ಟಿದ ಹಾಗೆ ಎದ್ದು, ಮೇಲೆ ಹೋಗಿ, ಒಡೆಯಿತು. ಚೋಲ್ವೆ, ನನ್ನ ತಮ್ಮನ ಮಗಳೇ, ನಮ್ಮನ್ನು ಯಾರ ಕೈಗೆ ಬಿಟ್ಟು ಹೋದೆ ಅಂತ. ಆಮೇಲೆ ಮನೆಯೊಳಗಿದ್ದ ಹೆಂಗಸರೆಲ್ಲ ಸೇರಿದರು. ಚೋಲ್ವೆ ಅನ್ನುವ ಹೆಸರು ತಗಡಿನ ಮಾಡಿಗೆ ಬಡಿದು ವಾಪಸು ಬಂತು. ಎಸ್ನಾರ್ಟಳ ಕೈ ನಿಂತಿತು. ನಮೂಂಗ ನೆಲದ ಮೇಲೆ ಉಗಿದಳು.

"ಕರೆದೇಬಿಟ್ಟಳು, ಮೂಳಿ," ಅಂದಳು. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ರೈಲು ಬಂದದ್ದು ಮೂರೂವರೆಗೆ. ಎಸ್ನಾರ್ಟ್ ಹಿಂದಿನ ಗಾರ್ಡಿನ ಡಬ್ಬಿಯನ್ನೇ ನೋಡುತ್ತ ನಿಂತಳು. ಹೆಣದ ಪೆಟ್ಟಿಗೆಗಳು ಬರುವುದು ಅದರಲ್ಲಿ. ಡಬ್ಬಿಯ ಬಾಗಿಲು ಸರಿಯಿತು. ಇಬ್ಬರು ಆಳುಗಳು ಗೋಣಿಯಲ್ಲಿ ಸುತ್ತಿದ ಉದ್ದನೆಯದೊಂದನ್ನು ಹೆಗಲ ಮೇಲೆ ಹೊತ್ತು ಇಳಿಸಿದರು. ನಮೂಂಗ ಎಸ್ನಾರ್ಟಳ ರೆಟ್ಟೆ ಹಿಡಿದುಕೊಂಡಳು. ಆಳುಗಳು ಅದನ್ನು ನೆಲಕ್ಕೆ ಹಾಕಿದಾಗ ಠಣ್ ಅಂತು. ಪಾದ್ರಿಗಳ ಮಿಷನ್ನಿನ ಬೋರ್‌ವೆಲ್ಲಿಗೆ ಬಂದ ಕಬ್ಬಿಣದ ಕೊಳವೆ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಕರೆದರು.

"ಅಮ್ಮಾ."

ಚೋಲ್ವೆ. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಅತ್ತೆ ಕೊಟ್ಟ ಕಂಬಳಿ. ಮುಖ ಬಾಡಿತ್ತು, ಅತ್ತ ಕಣ್ಣು. ಆದರೆ ಅವಳ ಕಿವಿ ಆಗಲೇ ಊರಿನ ಕಡೆ ತಿರುಗಿತ್ತು.

"ಯಾರ ಮನೇಲಮ್ಮಾ ಸಾವು?"

"ನಮ್ಮ ಮನೇಲಿ."

"ನಮ್ಮ ಮನೇಲಾ? ಯಾರು?"

ಎಸ್ನಾರ್ಟ್ ಮಗಳ ಕೆನ್ನೆ ಮುಟ್ಟಿದಳು, ಕಿವಿ ಮುಟ್ಟಿದಳು, ಕತ್ತಿನ ಬೆವರು ಮುಟ್ಟಿ ನೋಡಿದಳು. "ನೀನು," ಅಂದಳು.

ಆಮೇಲೆ ತಿಳಿದದ್ದು ಇಷ್ಟು. ಚೋಲ್ವೆ ಎರಡು ತಿಂಗಳಿಂದ ಮುಟ್ಟಾಗಿರಲಿಲ್ಲ. ಮದುವೆಯಾಗದ ಹುಡುಗಿ ಬಸಿರಾದರೆ ಶಾಲೆಯಿಂದ ಕಳಿಸಿಬಿಡುತ್ತಿದ್ದರು, ಕಳಿಸಿದ್ದರು. ಮುಟ್ಟು ನಿಂತಿದೆ ಅನ್ನುವುದಕ್ಕೆ ಆ ಹುಡುಗಿಯರ ನಡುವೆ ಇದ್ದ ಮಾತು, ಲೇಟ್. ಇಳಿದ ಕೂಡಲೇ ತಾಯಿಗೆ ಎದುರಾಬದುರಾ ಹೇಳುವ ಧೈರ್ಯವಿಲ್ಲದೆ, ಮೊದಲೇ ತಿಳಿದಿರಲಿ ಅಂತ ಗೆಳತಿಯಿಂದ ಸ್ಟೇಷನ್ನಿಗೆ ಹೇಳಿ ಕಳಿಸಿದ್ದಳು. ಚೋಲ್ವೆ ಲೇಟ್, ಇವತ್ತಿನ ರೈಲಿನಲ್ಲಿ ಬರುತ್ತಿದ್ದಾಳೆ, ಬೈಯಬೇಡಿ, ಅಂತ. ಬಾಲವೆಲ್ಲ ದಾರಿಯಲ್ಲಿ ಚೆಲ್ಲಿಹೋಗಿತ್ತು. ರೈಲಿನ ಗಂಡಸರಿಗೆ ತಿಳಿಯಬಾರದು, ಅಮ್ಮನಿಗೆ ತಿಳಿಯಬೇಕು ಅಂತ ಯೋಚಿಸಿ ಯೋಚಿಸಿ ಆರಿಸಿದ ಮಾತು ಅದು.

"ನಿಂಗೆ ಬರೋ ಇಂಗ್ಲಿಷ್ ಮಾತು ಅದೊಂದೇ ಅಲ್ವಾ ಅಮ್ಮಾ," ಅಂತ ಚೋಲ್ವೆ ಬಿಕ್ಕುತ್ತ ಹೇಳಿದಳು.

ಕುರ್ಚಿಗಳು ಒಳಗೆ ಹೋದವು. ಮಂಚ ಒಳಗೆ ಹೋಯಿತು. ಬೆಂಕಿಗೆ ಮಣ್ಣು ಹಾಕಿದರು, ಹೆಂಗಸರು ಒಬ್ಬೊಬ್ಬರೇ ಎದ್ದು, ಚೋಲ್ವೆಯನ್ನು ಮುಟ್ಟದೆ, ನೋಡದೆ ಹೊರಟುಹೋದರು. ಬಸುರಿನ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಬೇರೆ ದಿನವಾಗಿದ್ದರೆ ಅದೇ ದೊಡ್ಡ ರಾದ್ಧಾಂತ. ಆ ಹುಡುಗಿಯ ಪ್ರಿಯಕರ ಯಾರು, ಅವನು ಆಮೇಲೆ ತಪ್ಪುಕಾಣಿಕೆಗೆ ದನ ಹೊಡೆದುಕೊಂಡು ಬಂದು ಹೇಗೆ ತಲೆ ತಗ್ಗಿಸಿ ನಿಂತ ಅನ್ನುವುದೆಲ್ಲ ಬೇರೆ ಕಥೆ, ಅದನ್ನು ಇಲ್ಲಿ ತುರುಕಬಾರದು. ಜೆಲಿತಾ ಮಾತ್ರ ಗೋಡೆಗೆ ಒರಗಿ ಕೂತುಬಿಟ್ಟಿದ್ದಳು, ಬಾಯಿಯ ಮೇಲೆ ಕೈ ಒತ್ತಿಕೊಂಡು. ಹೊರಟ ಮಾತನ್ನು ವಾಪಸು ತುರುಕುವವಳ ಹಾಗೆ. ಆಮೇಲಿನ ಏಳು ತಿಂಗಳೂ ಅವಳು ಹೆಚ್ಚು ಕಡಿಮೆ ಹಾಗೇ ಇದ್ದಳು.

ನಮೂಂಗ ಹೋಗುವ ಮೊದಲು ಬಾಗಿಲಲ್ಲಿ ನಿಂತು, ಅದು ಕರೆ ಕೇಳಿಸಿಕೊಂಡಿದೆ, ಬಂದು ವಿಚಾರಿಸದೆ ಬಿಡುವುದಿಲ್ಲ, ಜೋಪಾನ ಅಂದು ಹೋದಳು.

ಎಸ್ನಾರ್ಟ್ ಜೋಪಾನ ಮಾಡಿದಳು. ಮಗಳು ಬಾವಿಗೆ ಹೋದರೆ ಹಿಂದೆ ಹೋದಳು. ಮಗಳು ಕೆಮ್ಮಿದರೆ ಪೊರಕೆ ಬಿಸಾಡಿ ಓಡಿಬಂದಳು. ಮಳೆ ಶುರುವಾದ ವಾರ ಹಿತ್ತಿಲಿನ ಆರು ಕೋಳಿ ಒಂದೇ ದಿನ ಕತ್ತು ವಾಲಿಸಿ ಸತ್ತವು, ಅವಳು ಅವನ್ನು ಸುಟ್ಟು ಬೂದಿಯನ್ನು ಹಳಿಯ ಆಚೆ ಹಾಕಿ ಬಂದಳು. ಜನವರಿಯಲ್ಲಿ ಚೋಲ್ವೆಗೆ ಜ್ವರ ಬಂದು ಒಂಬತ್ತು ದಿನ ಬಿಡಲಿಲ್ಲ. ಬಂದು ನೋಡಿಕೊಂಡು ಹೋಯಿತು, ಇನ್ನೂ ಹೊತ್ತಾಗಿಲ್ಲ ಅಂತ, ಅಂದುಕೊಂಡಳು ಎಸ್ನಾರ್ಟ್. ಯಾರಿಗೂ ಹೇಳಲಿಲ್ಲ.

ಮೇ ತಿಂಗಳ ಕೊನೆಗೆ ದಿನ ತುಂಬಿತು. ನೋವು ಬರಲಿಲ್ಲ. ಜೂನ್ ಬಂತು, ಚಳಿ ಬಂತು, ಬೆಳಗಿನ ಹುಲ್ಲು ಬೆಳ್ಳಗಾಯಿತು. ಏಳು ದಿನ ಕಳೆಯಿತು, ಹತ್ತು ದಿನ. ಮಿಷನ್ನಿನ ಕ್ಲಿನಿಕ್ಕಿನ ನರ್ಸಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿ, ಮಗು ಲೇಟ್ ಅಂದಳು, ಒಳ್ಳೆಯ ಮನಸ್ಸಿನಿಂದಲೇ. ಎಸ್ನಾರ್ಟ್ ಕೈಯಲ್ಲಿದ್ದ ನೀರಿನ ಚೊಂಬು ಕೆಳಗಿಟ್ಟಳು. ಆ ಮಾತು ನಾಲ್ಕನೆಯ ಸಲ ಬಾಗಿಲಿಗೆ ಬಂದು ನಿಂತಿತ್ತು.

ಹನ್ನೆರಡನೆಯ ದಿನ ಬೆಳಗ್ಗೆ ನೋವು ಶುರುವಾಯಿತು. ನರ್ಸಮ್ಮ ಇನ್ನೊಂದು ಊರಿಗೆ ಹೋಗಿದ್ದಳು, ನಮೂಂಗಳೇ ಒಳಗೆ ಕೂತಳು. ಸೂರ್ಯ ನೆತ್ತಿಗೆ ಬಂದರೂ ಮಗು ಇಳಿಯಲಿಲ್ಲ. ಚೋಲ್ವೆಯ ಕೂಗು ಸಣ್ಣಗಾಗುತ್ತ ಬಂತು. ಜೆಲಿತಾ ಅಂಗಳದಲ್ಲಿ ನಿಂತಿದ್ದಳು, ಹಲ್ಲಿನ ನಡುವೆ ಬಟ್ಟೆ ಕಚ್ಚಿಕೊಂಡು, ಸದ್ದು ಬರಬಾರದು ಅಂತ. ನಮೂಂಗ ಹೊರಗೆ ಬಂದು ಕೈ ತೊಳೆಯುತ್ತ, ಯಾರ ಮುಖವನ್ನೂ ನೋಡದೆ, ಅದು ಬಂದಿದೆ ಅಂದಳು.

ಎಸ್ನಾರ್ಟ್ ಸ್ಟೇಷನ್ನಿಗೆ ಓಡಿದಳು. ಮಾಸ್ತರನನ್ನು ಕೇಳದೆ ಅವನ ಮೇಜಿನಿಂದ ಸೀಮೆಸುಣ್ಣ ತೆಗೆದುಕೊಂಡು ಹಾಗೇ ಓಡಿಬಂದಳು. ಮನೆಯ ಮುಚ್ಚಿದ ಬಾಗಿಲಿನ ಮುಂದೆ ನಿಂತು, ಏದುಸಿರು ಬಿಡುತ್ತ, ಹದಿನೆಂಟು ವರ್ಷದಿಂದ ಬರೆಯದೆ ಬಿಟ್ಟಿದ್ದನ್ನು ಬರೆದಳು. ಹೆಂಗಸು. ಗುಡಿಸಲು. ಕಂಬ. ಬಾಚಣಿಗೆಯ ಮೂರನೆಯ ಹಲ್ಲಿಗೆ ಸುಣ್ಣ ಮುರಿಯಿತು, ಉಳಿದ ಚೂರಿನಿಂದ ಎಳೆದಳು.

ನಮೂಂಗಳಿಗೆ ಓದು ಬರದಿದ್ದರೂ ಅದು ಯಾವ ಮಾತೆಂದು ತಿಳಿಯಿತು. "ಏನೇ ಇದು? ಮಗಳ ಬಾಗಿಲಿಗೇ ಬರೀತೀಯಾ?"

"ಕರೆ ಕೇಳಿ ಬಂದಿದೆಯಲ್ಲ ಅಜ್ಜಿ. ಓದಿಕೊಳ್ಳಲಿ. ಇಲ್ಲಿ ಆಗಲೇ ಕೆಲಸ ಮುಗಿದಿದೆ, ನಾನು ಬರೋದು ತಡವಾಯ್ತು ಅಂದ್ಕೊಂಡು ಹೋಗಲಿ."

"ಸಾವಿಗೆ ಇಂಗ್ಲಿಷ್ ಬರುತ್ತಾ?"

"ತಂತಿ ಕಳಿಸೋದು ಅದೇ ಭಾಷೇಲಿ ತಾನೆ?"

ಮುದುಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಸ್ನಾರ್ಟ್ ಬಾಗಿಲಿಗೆ ಬೆನ್ನು ಕೊಟ್ಟು, ನೆಲದ ಮೇಲೆ ಕಾಲು ಚಾಚಿ ಕೂತಳು. ಒಳಗೆ ಒಂದು ಕೂಗು ಎದ್ದು ನಿಂತಿತು. ಆಮೇಲೆ ಏನೂ ಇಲ್ಲ. ಏನೂ ಇಲ್ಲದ ಆ ಹೊತ್ತು ಎಷ್ಟು ಅಂತ ಕೇಳಿದರೆ ಅವಳು ಹೇಳುವುದಿಲ್ಲ. ಅಂಗಳದ ನಾಯಿ ಎದ್ದು ಬಾಗಿಲಿನ ಕಡೆ ನೋಡಿ, ಯಾರಿಗೋ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿದು ಮಲಗಿತು ಅಂತ ಮಾತ್ರ ಹೇಳುತ್ತಾಳೆ. ಆಮೇಲೆ ಪೆಟ್ಟು ಕೊಟ್ಟ ಸದ್ದು, ಮತ್ತೊಂದು ಪೆಟ್ಟು, ಆಮೇಲೆ ಮಗುವಿನ ಅಳು. ಹೆಣ್ಣು.

ಹೆಸರಿಡುವ ದಿನ ಅಜ್ಜಿ ಎಸ್ನಾರ್ಟಳ ಮಾತೇ ನಡೆಯಿತು. ಆ ದೇಶದಲ್ಲಿ ಮಕ್ಕಳಿಗೆ ಇಂಗ್ಲಿಷ್ ಮಾತುಗಳನ್ನು ಹೆಸರಾಗಿ ಇಡುವುದು ಹೊಸದೇನಲ್ಲ. ಆದರೆ ಈ ಹೆಸರನ್ನು ಅದಕ್ಕೆ ಮೊದಲೂ ಯಾರೂ ಇಟ್ಟಿರಲಿಲ್ಲ, ಆಮೇಲೂ ಇಡಲಿಲ್ಲ. ಚೋಲ್ವೆ ಎರಡು ದಿನ ಅತ್ತಳು, ಮೂರನೆಯ ದಿನ ಒಪ್ಪಿದಳು. ಬಾಗಿಲಿನ ಮೇಲಿನ ಸುಣ್ಣ ಮಳೆಗೆ ತೊಳೆದುಹೋಗುತ್ತದೆ, ಹೆಸರು ಹೋಗುವುದಿಲ್ಲ ಅನ್ನುವುದು ಎಸ್ನಾರ್ಟಳ ವಾದ. ಅದು ಯಾವಾಗ ಬಂದು ಹೆಸರು ಹಿಡಿದು ವಿಚಾರಿಸಿದರೂ, ಇವಳು ಲೇಟ್ ಅಂತಲೇ ಉತ್ತರ ಸಿಗಬೇಕು. ಜೆಲಿತಾ ಆ ಮಗುವನ್ನು ಬೆನ್ನಿನಿಂದ ಇಳಿಸಲೇ ಇಲ್ಲ. ಆದರೆ ಹೆಸರು ಹಿಡಿದು ಒಂದು ದಿನವೂ ಕರೆಯಲಿಲ್ಲ.

ಮಗು ಈಗ ಹಳಿಯ ಆಚೆಯ ಶಾಲೆಗೆ ಹೋಗುತ್ತದೆ. ಮೊದಲ ದಿನ ಹೊಸ ಮೇಷ್ಟರು ಪುಸ್ತಕದಲ್ಲಿ ಆ ಹೆಸರು ನೋಡಿ, ಸತ್ತ ಮಗುವಿನ ಹೆಸರು ಇನ್ನೂ ಯಾಕಿದೆ ಅಂತ ಗೆರೆ ಎಳೆಯಲು ಹೊರಟಿದ್ದರು. ಮೂರನೆಯ ಸಾಲಿನಿಂದ ಒಂದು ಕೈ ಎದ್ದಿತು. ಅಲ್ಲಿಂದೀಚೆಗೆ ದಿನಾ ಬೆಳಗ್ಗೆ ಶಾಲೆಯ ಕಿಟಕಿಯಿಂದ ಹೆಸರು ಕೂಗುವುದು ಸ್ಟೇಷನ್ನಿಗೆ ಕೇಳಿಸುತ್ತದೆ. ಎಸ್ನಾರ್ಟ್ ಆ ಹೊತ್ತಿಗೆ ಪ್ಲಾಟ್‌ಫಾರಮಿನ ಆ ತುದಿಯಲ್ಲೇ ಗುಡಿಸುತ್ತಿರುತ್ತಾಳೆ. ಮೇಷ್ಟರು ಲೇಟ್ ಅಂದ ಕೂಡಲೇ ಅವಳ ಪೊರಕೆ ನಿಲ್ಲುತ್ತದೆ. ಬಂದಿದ್ದೀನಿ ಸಾರ್ ಅನ್ನುವ ಸಣ್ಣ ದನಿ ಹಳಿ ದಾಟಿ ಬಂದ ಮೇಲೆ ಮತ್ತೆ ಆಡುತ್ತದೆ.

ಹುಡುಗಿಗೆ ಪಕ್ಕದವರ ಜೊತೆ ಮಾತು ಜಾಸ್ತಿ. ಕೆಲವು ದಿನ ಉತ್ತರ ಬರುವುದು ಸ್ವಲ್ಪ ತಡವಾಗುತ್ತದೆ.